ಮೂಗಮ್ಮನ ಮೆಷಿನ್ ರೂಮು

ಮೂಗಮ್ಮ ಬೆಳಿಗ್ಗೆ ಏಳೂವರೆಗೆ ಬಂದು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಬಳೆ ತೆಗೆಯುವುದು. ಎರಡೂ ಕೈಯ ಗಾಜಿನ ಬಳೆಗಳನ್ನು ಒಂದೊಂದಾಗಿ ಜಾರಿಸಿ ಕಿಟಕಿಯಲ್ಲಿದ್ದ ಸ್ಟೀಲ್ ಲೋಟಕ್ಕೆ ಹಾಕಿ, ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು, ಆಮೇಲೆ ಮೆಷಿನ್ನಿನ ಹತ್ತಿರ ಹೋಗುತ್ತಿದ್ದಳು. ಗಂಡ ಬದುಕಿರುವ ಹೆಂಗಸು ದಿನಾ ಬಳೆ ಕಳಚುತ್ತಾಳಲ್ಲ ಎಂದು ಅಡಿಗೆಮನೆಯವರು ಆಡಿಕೊಂಡರು. ನಾನೂ ಒಮ್ಮೆ ದೊಡ್ಡಸ್ತಿಕೆಯಿಂದ ಬುದ್ಧಿ ಹೇಳಿದೆ, ಶುಕ್ರವಾರವಾದರೂ ಹಾಕಿಕೊಂಡಿರು ಎಂದು. ಹಿಂಡೋ ಮೆಷಿನ್ನಿಗೆ ಶುಕ್ರವಾರ ಗೊತ್ತಾಗುವುದಿಲ್ಲವಲ್ಲ ಎಂದಳು. ಬಳೆ ಸಿಕ್ಕಿದರೆ ಕೈ ಹೋಯಿತು, ಸೆರಗು ಸಿಕ್ಕಿದರೆ ಕತ್ತು ಹೋಯಿತು. ಅವಳ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯಿತು.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮ ಆರೈಕೆ ಕೇಂದ್ರ. ಲಕ್ವ ಹೊಡೆದವರು, ಸೊಂಟ ಮುರಿದವರು, ಹಾಸಿಗೆ ಬಿಟ್ಟು ಏಳಲಾಗದವರು, ಎಲ್ಲ ಸೇರಿ ನಲವತ್ತು ಮಂಚ. ನಾನು ನಾಗರತ್ನ, ಅಲ್ಲಿಯ ಆಫೀಸಿನಲ್ಲಿ ಬರೆಯುವ ಕೆಲಸದವಳು. ಟ್ರಸ್ಟಿನ ಕಾರ್ಯದರ್ಶಿ ಪುಟ್ಟಬಸಪ್ಪನವರು ನಮ್ಮ ಪೈಕಿಯವರೇ. ಗಂಡ ತೀರಿಕೊಂಡ ಮೇಲೆ ನನ್ನನ್ನು ಕರೆದು ಕುರ್ಚಿ ಕೊಟ್ಟವರು ಅವರೇ, ಮತ್ತು ಅದನ್ನು ಅವರು ಮರೆಯಲೂ ಇಲ್ಲ, ನನಗೆ ಮರೆಯಲು ಬಿಡಲೂ ಇಲ್ಲ.

ಎರಡು ಸಾವಿರದ ಒಂದರಲ್ಲಿ ಯಾರೋ ದಾನಿಗಳು ಮೂರು ದೊಡ್ಡ ಮೆಷಿನ್ ಕೊಟ್ಟರು. ಒಂದು ಒಗೆಯುವುದು, ಒಂದು ಹಿಂಡುವುದು, ಒಂದು ಬಿಸಿಗಾಳಿಯಲ್ಲಿ ಒಣಗಿಸುವುದು. ಹೆಂಗಸರ ವಾರ್ಡಿನ ಹಿಂಗೋಡೆಗೆ ಅಂಟಿಕೊಂಡ ಕೋಣೆಯಲ್ಲಿ ಅವನ್ನು ಕೂರಿಸಿದ್ದಾಯಿತು. ಹಾರ ಹಾಕಿ ಫೋಟೋ ತೆಗೆಸಿಕೊಳ್ಳುವಾಗ ಎಲ್ಲರೂ ಇದ್ದರು. ಹಾಸಿಗೆಯಲ್ಲೇ ಎಲ್ಲ ಮಾಡಿಕೊಳ್ಳುವವರ ಬಟ್ಟೆ ಅದಕ್ಕೆ ತುಂಬಬೇಕು ಎಂದಾಗ ಒಬ್ಬರೂ ಇರಲಿಲ್ಲ. ಆಗ ಭೀಮನಬೀಡಿನಿಂದ ಮೂಗಮ್ಮನನ್ನು ಕರೆಸಿದರು. ಅವಳಿಗೆ ಮೆಷಿನ್ ಬರುತ್ತದೆ ಎಂದಲ್ಲ. ಮಡಿವಾಳರ ಹೆಂಗಸು, ಹೇಸಿಕೊಳ್ಳುವುದಿಲ್ಲ ಎಂದು.

ಅವಳ ತವರು ಪುಣಜನೂರು. ಹದಿನಾರಕ್ಕೆ ಮದುವೆಯಾಗಿ ಭೀಮನಬೀಡಿಗೆ ಬಂದಳು. ಅಲ್ಲಿಂದ ಇಪ್ಪತ್ತು ವರ್ಷ ಊರ ಮನೆಗಳ ಹಿತ್ತಿಲ ಬಾಗಿಲಲ್ಲಿ ನಿಂತು ಬಟ್ಟೆ ಕೇಳುವುದು, ಕೆರೆಗೆ ಹೊರುವುದು, ಒಗೆದು ಮಡಿಚಿ ಅದೇ ಹಿತ್ತಿಲಿಗೆ ತಂದಿಡುವುದು. ನಮ್ಮಲ್ಲಿ ಬಂದಾಗ ಅವಳಿಗೆ ನಲವತ್ತರ ಹತ್ತಿರ, ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಅವಳನ್ನು ಹೋಗೇ ಬಾರೇ ಎನ್ನುತ್ತಿದ್ದೆ, ಅವಳು ನನ್ನನ್ನು ಅಕ್ಕಾವ್ರೆ ಎನ್ನುತ್ತಿದ್ದಳು. ಆಗ ನನಗೆ ಅದರಲ್ಲೇನೂ ತಪ್ಪು ಕಾಣುತ್ತಿರಲಿಲ್ಲ.

ಮೈಸೂರಿನಿಂದ ಬಂದ ಮೆಕ್ಯಾನಿಕ್ ಒಬ್ಬರು ನಾಲ್ಕು ದಿನ ನಿಂತು ಅವಳಿಗೆ ಕಲಿಸಿದರು. ನಾಲ್ಕನೇ ದಿನ ಆಫೀಸಿಗೆ ಬಂದು, ಈಯಮ್ಮನಿಗೆ ಹೇಳಿಕೊಟ್ಟದ್ದು ಸುಲಭವಾಯಿತು, ಇವಳು ಕೇಳುವ ಪ್ರಶ್ನೆಗಳನ್ನು ನಮ್ಮ ಹುಡುಗರೂ ಕೇಳುವುದಿಲ್ಲ ಎಂದರು. ಪುಟ್ಟಬಸಪ್ಪನವರು ನಕ್ಕು ಕಾಫಿ ತರಿಸಿದರು.

ಅಲ್ಲಿಂದ ಏಳು ವರ್ಷ ಆ ಕೋಣೆ ಹೇಗಿತ್ತೆಂದರೆ, ವಾರ್ಡಿಗಿಂತ ಅದೇ ಚೊಕ್ಕಟವಾಗಿತ್ತು. ನೆಲದ ಮೇಲೆ ಒಂದು ತೊಟ್ಟು ನೀರು ನಿಲ್ಲುವಂತಿಲ್ಲ. ಸ್ವಿಚ್ಚಿನ ಕೆಳಗೆ ರಬ್ಬರ್ ಹಾಸು. ಒಣಗಿಸುವ ಮೆಷಿನ್ನಿನ ಜಾಲರಿಗೆ ಬಟ್ಟೆಯ ಜುಂಗು ಕೂತುಕೊಳ್ಳುತ್ತದೆ. ಪ್ರತಿಯೊಂದು ಸಲ ಬಟ್ಟೆ ತೆಗೆದ ಮೇಲೂ ಅದನ್ನು ಬಳಿದು ತೆಗೆಯುತ್ತಿದ್ದಳು, ಭಾನುವಾರ ಮೆಷಿನ್ನಿನ ಹಿಂದೆ ಮಲಗಿಕೊಂಡು ಗಾಳಿ ಹೋಗುವ ಕೊಳವೆಯನ್ನೂ ತೆಂಗಿನ ಗರಿಯ ಪೊರಕೆಯಿಂದ ಗುಡಿಸುತ್ತಿದ್ದಳು. ಹಿಂಡುವ ಮೆಷಿನ್ ಪೂರ್ತಿ ನಿಲ್ಲುವ ತನಕ ಮುಚ್ಚಳಕ್ಕೆ ಕೈ ಹಾಕುತ್ತಿರಲಿಲ್ಲ. ಬೆಲ್ಟಿನ ಸದ್ದು ಬದಲಾದರೆ ನಿಲ್ಲಿಸಿ ನನ್ನ ಹತ್ತಿರ ಬಂದು, ಮೈಸೂರಿಗೆ ಫೋನ್ ಮಾಡಿ ಎಂದು ತಲೆ ತಿನ್ನುತ್ತಿದ್ದಳು. ನಾನು ಆಮೇಲೆ ಎಂದರೆ ಹೋಗುತ್ತಿರಲಿಲ್ಲ, ಬಾಗಿಲಲ್ಲೇ ನಿಂತಿರುತ್ತಿದ್ದಳು. ಎಷ್ಟೋ ಸಲ ಅವಳನ್ನು ತೊಲಗಿಸಲಿಕ್ಕೆಂದೇ ಫೋನ್ ಮಾಡಿದ್ದೇನೆ.

ಅವಳ ದೊಡ್ಡ ಜಗಳವೆಲ್ಲ ಎಣ್ಣೆ ಬಟ್ಟೆಯದು. ನಮ್ಮಲ್ಲಿ ಲಕ್ವದವರಿಗೆ ಎಣ್ಣೆ ಚಿಕಿತ್ಸೆ ನಡೆಯುತ್ತಿತ್ತು. ಸುಲ್ತಾನ್ ಬತ್ತೇರಿಯಿಂದ ವೈದ್ಯರೊಬ್ಬರು ವಾರಕ್ಕೆ ಮೂರು ದಿನ ಬಂದು, ಸೇರುಗಟ್ಟಲೆ ಎಣ್ಣೆ ಕಾಯಿಸಿ ಮೈಗೆ ತಿಕ್ಕಿಸುತ್ತಿದ್ದರು. ಅದನ್ನು ಒರೆಸಿದ ಟವೆಲ್ಲು ದಿನಕ್ಕೆ ಅರವತ್ತು ಎಪ್ಪತ್ತು. ಆ ಎಣ್ಣೆ ಎಷ್ಟು ಒಗೆದರೂ ನೂಲಿನೊಳಗೆ ಒಂದಿಷ್ಟು ಉಳಿದೇ ಉಳಿಯುತ್ತದೆ. ಮೂಗಮ್ಮ ಅವನ್ನು ಒಣಗಿಸುವ ಮೆಷಿನ್ನಿಗೆ ಒಂದು ದಿನವೂ ಹಾಕಲಿಲ್ಲ. ಸೋಡಾ ನೀರಿನಲ್ಲಿ ಬೇಯಿಸಿ, ಒಗೆದು, ಹೊರಗೆ ತಂತಿಯ ಮೇಲೆ ಹರವುತ್ತಿದ್ದಳು, ಆರಿದ ಮೇಲೂ ಎತ್ತರಕ್ಕೆ ಪೇರಿಸಲು ಬಿಡುತ್ತಿರಲಿಲ್ಲ. ಮೆಕ್ಯಾನಿಕ್ ಕೂಡ ಅದನ್ನೇ ಹೇಳಿದ್ದರು. ಆದರೆ ಅವಳಿಗೆ ಅದು ಮೊದಲೇ ಗೊತ್ತಿತ್ತು. ಅವಳ ಮಾವ ಒಂದು ಸಲ ಗಾಣದ ಮನೆಯವರ ಬಟ್ಟೆಗಳನ್ನು ಉಬ್ಬೆಯಲ್ಲಿ ಬೇಯಿಸಿ, ಒಣಗಿಸಿ, ಬಿಸಿಯಾಗಿದ್ದಾಗಲೇ ಗಂಟು ಕಟ್ಟಿ ಮೂಲೆಗಿಟ್ಟಿದ್ದರಂತೆ. ಸಂಜೆ ಬಿಚ್ಚಿದರೆ ಮೇಲಿನ ಪಂಚೆ ಬೆಳ್ಳಗೇ ಇದೆ, ಒಳಗಿನದೆಲ್ಲ ಕರಿ. ಹತ್ತಿರದಲ್ಲಿ ಒಲೆಯಿಲ್ಲ, ಬೀಡಿಯಿಲ್ಲ, ಬೆಂಕಿಯೇ ಇಲ್ಲ. ಎಣ್ಣೆ ಬಟ್ಟೆ ಬೆಚ್ಚಗೆ ಗುಡ್ಡೆ ಬಿದ್ದರೆ ಒಳಗೊಳಗೇ ಕಾಯುತ್ತದೆ, ಕಾದು ಕಾದು ತಾನೇ ಹೊತ್ತಿಕೊಳ್ಳುತ್ತದೆ. ಇದನ್ನು ಅವಳು ನನಗೆ ಕಡಿಮೆಯೆಂದರೂ ಹತ್ತು ಸಲ ಹೇಳಿದ್ದಾಳೆ. ಹತ್ತೂ ಸಲ ನಾನು ಹೂಂಗುಟ್ಟಿದ್ದೇನೆ.

ಅವಳು ಕೇಳಿದ್ದು ಒಂದೇ ಒಂದು. ಸಂಬಳ ಹೆಚ್ಚು ಮಾಡಿ ಎಂದು ನನ್ನ ಹತ್ತಿರ ಬಂದವಳಲ್ಲ. ಆ ಕೋಣೆಯ ಉಸ್ತುವಾರಿ ತನ್ನದು ಎಂದು ಹಾಜರಿ ಪುಸ್ತಕದಲ್ಲಿ ಬರೆಯಬೇಕು ಎಂದಳು. ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಬಟ್ಟೆ ಒಗೆಯುವವಳು ಎಂದಿತ್ತು. ಅದೇನು ಅಷ್ಟು ದೊಡ್ಡ ವಿಷಯ ಎಂದು ನಾನು ಕೇಳಿದ್ದಕ್ಕೆ, ಊರಿನಲ್ಲಿ ತಾನು ಎಲ್ಲ ಮನೆಗೂ ಹಿತ್ತಿಲಿನಿಂದ ಹೋದವಳು, ಈ ಒಂದು ಕೋಣೆಗೆ ಬೇರೆಯವರು ತನ್ನನ್ನು ಕೇಳಿ ಒಳಗೆ ಬರುತ್ತಾರೆ ಎಂದಳು. ನಿಜ, ಬತ್ತೇರಿ ವೈದ್ಯರೂ ಬಾಗಿಲಲ್ಲಿ ನಿಂತು ಮೂಗಮ್ಮಾ, ಬರಲಾ ಎನ್ನುತ್ತಿದ್ದರು. ಅದು ಯಾರ ಬಾಯಿಮಾತಿನ ಮೇಲೂ ನಿಲ್ಲದೆ ಬರಹದಲ್ಲಿ ಇರಬೇಕು ಎಂಬುದು ಅವಳ ಆಸೆ. ನಾಲ್ಕನೇ ಕ್ಲಾಸು ಓದಿದ್ದಳು, ಬರಹದ ಬೆಲೆ ಗೊತ್ತಿತ್ತು. ನಾನು ಪುಟ್ಟಬಸಪ್ಪನವರಿಗೆ ಎರಡು ಸಲ ಹೇಳಿದೆ. ನೋಡೋಣ ಎಂದರು. ಪೆನ್ನು ನನ್ನ ಕೈಯಲ್ಲೇ ಇತ್ತು, ನಾನೂ ಅವರು ನೋಡಲಿ ಎಂದು ಕಾದೆ.

ಅವಳ ಪರವಾಗಿ ದನಿ ಎತ್ತುತ್ತಿದ್ದವರು ಹೆಂಗಸರ ವಾರ್ಡಿನ ಶಿವರುದ್ರಮ್ಮ ಒಬ್ಬರೇ. ಚಾಮರಾಜನಗರದಲ್ಲಿ ಟೀಚರಾಗಿದ್ದವರು, ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಅವರ ಮಂಚ ಹಿಂಗೋಡೆಯ ಪಕ್ಕದಲ್ಲೇ. ಗೋಡೆಯಾಚೆ ಮೆಷಿನ್ ಗುರುಗುಟ್ಟುವುದು ಕೇಳಿದರೆ ನನಗೆ ನಿದ್ದೆ ಬರುತ್ತದೆ, ಅಲ್ಲಿ ಮೂಗಿ ಇದ್ದಾಳಲ್ಲ ಎನ್ನುತ್ತಿದ್ದರು. ಪುಟ್ಟಬಸಪ್ಪನವರು ವಾರ್ಡಿಗೆ ಬಂದಾಗಲೆಲ್ಲ, ಆ ಹೆಂಗಸಿಗೊಂದು ಹುದ್ದೆ ಬರೆದುಕೊಡಪ್ಪ ಎಂದು ತೊದಲುತ್ತಿದ್ದರು. ಕಾರ್ಯದರ್ಶಿಗಳು ಕೈ ಮುಗಿದು ಮುಂದಿನ ಮಂಚಕ್ಕೆ ಹೋಗುತ್ತಿದ್ದರು.

ಎರಡು ಸಾವಿರದ ಎಂಟರ ಆಷಾಢ ಕಳೆದ ಮೇಲೆ ಹುದ್ದೆ ಬಂತು. ಬಂದದ್ದು ಮಲ್ಲೇಶನಿಗೆ. ಪುಟ್ಟಬಸಪ್ಪನವರ ತಂಗಿಯ ಮಗ, ಐಟಿಐ ಮಾಡಿ ಮನೆಯಲ್ಲಿದ್ದ. ಮೆಷಿನ್ ಆಪರೇಟರ್ ಮತ್ತು ಉಸ್ತುವಾರಿ ಎಂದು ನಾನೇ ದುಂಡಗೆ ಬರೆದೆ. ಮೂಗಮ್ಮ ಅವನ ಕೈಕೆಳಗೆ. ಅವನು ಕೆಟ್ಟವನೇನಲ್ಲ, ಕಲಿಯಬೇಕಾದ್ದನ್ನು ಒಬ್ಬ ಅಗಸಗಿತ್ತಿಯ ಹತ್ತಿರ ಕಲಿಯುವುದು ಅವನಿಗೆ ಅವಮಾನವಾಗಿತ್ತು, ಅಷ್ಟೇ. ಜಾಲರಿ ದಿನಕ್ಕೊಂದು ಸಲ ಬಳಿದರೆ ಸಾಕು ಎಂದ. ಬೀಗದ ಕೈ ತಾನೇ ಇಟ್ಟುಕೊಂಡ. ಮೂಗಮ್ಮ ಬಟ್ಟೆ ಹೊತ್ತಳು. ಅವಳ ಮುಖ ನೋಡಲು ಆಗುತ್ತಿರಲಿಲ್ಲ, ನಾನೂ ನೋಡುತ್ತಿರಲಿಲ್ಲ.

ಹಸ್ತ ಮಳೆ ಹಿಡಿದಾಗ ಎಣ್ಣೆ ಟವೆಲ್ಲಿನ ಜಗಳ ಎದ್ದಿತು. ತಂತಿಯ ಮೇಲೆ ಮೂರು ದಿನವಾದರೂ ಒಣಗುತ್ತಿಲ್ಲ, ವೈದ್ಯರು ಟವೆಲ್ಲು ಕೇಳುತ್ತಿದ್ದಾರೆ. ಮಲ್ಲೇಶ ಅವನ್ನು ಮೆಷಿನ್ನಿಗೆ ಹಾಕಲು ಹೋದಾಗ ಮೂಗಮ್ಮ ಅಡ್ಡ ನಿಂತಳು. ವಿಷಯ ಆಫೀಸಿಗೆ ಬಂತು. ಅವಳು ಮಾವನ ಗಂಟಿನ ಕತೆ ಹೇಳಿದಳು. ಪುಟ್ಟಬಸಪ್ಪನವರು ಪೂರ್ತಿ ಕೇಳಿ, ಶಾಂತವಾಗಿಯೇ ಹೇಳಿದರು:

"ಕೆರೆ ದಂಡೆ ವಿದ್ಯೇನ ಕೆರೆ ದಂಡೇಲೇ ಇಟ್ಕೊ ಕಣಮ್ಮಿ. ಓದ್ದವನು ಅವನು. ಅವನು ಹೇಳ್ದಂಗೆ ಮಾಡು, ಇಲ್ದಿದ್ರೆ ಊರಿಗೆ ಹೋಗು."

ಅವಳು ನನ್ನ ಕಡೆ ನೋಡಿದಳು. ಮೈಸೂರಿನ ಮೆಕ್ಯಾನಿಕ್ ಹೇಳಿದ್ದು ನನಗೂ ಗೊತ್ತಿತ್ತು, ನನ್ನೆದುರಿಗೇ ಹೇಳಿದ್ದು. ನಾನು ರಿಜಿಸ್ಟರಿನ ಹಾಳೆ ತಿರುವಿದೆ.

ಆಯುಧಪೂಜೆಯ ದಿನ ಬೆಳಿಗ್ಗೆ ಏಳಕ್ಕೆ ಮೆಷಿನ್ ಓಡಿಸುವ ತ್ರೀ ಫೇಸ್ ಕರೆಂಟ್ ಬಂತು. ಪೂಜೆಯಾದ ಮೇಲೆ ಮೆಷಿನ್ ಮುಟ್ಟುವಂತಿಲ್ಲ, ವಿಜಯದಶಮಿ ಬೆಳಿಗ್ಗೆವರೆಗೆ ಕೋಣೆಯ ಬಾಗಿಲನ್ನೂ ತೆಗೆಯುವಂತಿಲ್ಲ, ಇದು ನಮ್ಮ ಟ್ರಸ್ಟಿನಲ್ಲಿ ಮೊದಲಿನಿಂದ ಬಂದದ್ದು. ಮೂಗಮ್ಮನ ಕಾಲದಲ್ಲಿ ಹಿಂದಿನ ದಿನವೇ ಎಲ್ಲ ಒಣಗಿಸಿ, ತಣ್ಣಗಾಗಿಸಿ, ಕೋಣೆ ಖಾಲಿ ಮಾಡಿಡುತ್ತಿದ್ದಳು. ಮಲ್ಲೇಶ ಅದೇ ಬೆಳಿಗ್ಗೆ, ಕರೆಂಟ್ ಇದ್ದ ಮೂರು ತಾಸಿನೊಳಗೆ, ವಾರದ ಎಣ್ಣೆ ಟವೆಲ್ಲುಗಳನ್ನೆಲ್ಲ ಮೆಷಿನ್ನಿಗೆ ಹಾಕಿ ಒಣಗಿಸಿದ. ಹತ್ತಕ್ಕೆ ಕರೆಂಟ್ ಹೋಯಿತು. ಕೊನೆಯಲ್ಲಿ ತಣ್ಣನೆಯ ಗಾಳಿಯಲ್ಲಿ ಸುತ್ತಬೇಕಾದ ಬಟ್ಟೆ ಸುತ್ತಲಿಲ್ಲ. ಕೈ ಸುಡುವ ಟವೆಲ್ಲುಗಳನ್ನು ಹಾಗೇ ತೆಗೆದು, ನೀಟಾಗಿ ಮಡಿಚಿ, ಕಪಾಟಿನಲ್ಲಿ ಸೂರಿನವರೆಗೆ ಪೇರಿಸಿದ. ಪೂಜೆಗೆ ಬಂದವರ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು ಮುಂದೆ ಪರದೆಯನ್ನೂ ಎಳೆದ.

ಹನ್ನೊಂದಕ್ಕೆ ಪೂಜೆ. ಮೂರು ಮೆಷಿನ್ನಿಗೂ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಒಗೆಯುವ ಮೆಷಿನ್ನಿನ ಮೇಲೆ ಬಾಳೆಲೆ ಹಾಸಿ ಪುಟ್ಟಬಸಪ್ಪನವರು ತಾವೇ ದೀಪ ಹಚ್ಚಿದರು. ಮೂಗಮ್ಮ ಹೊರಗೆ ನಿಂತಿದ್ದಳು, ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಮಂಗಳಾರತಿ ಅವಳವರೆಗೆ ಬರುವಷ್ಟರಲ್ಲಿ ಕರ್ಪೂರ ಆರಿತ್ತು. ಬಾಗಿಲಿಗೆ ಬೂದುಗುಂಬಳ ಒಡೆದು ಬೀಗ ಹಾಕಿದರು. ಬೀಗದ ಕೈಯನ್ನು ಆಫೀಸಿನ ದೇವರ ಗೂಡಿನಲ್ಲಿಟ್ಟರು. ನನ್ನ ಕುರ್ಚಿಯಿಂದ ಕೈ ಚಾಚಿದರೆ ಸಿಗುವಷ್ಟು ದೂರ.

ಎರಡು ಗಂಟೆಯ ಹೊತ್ತಿಗೆ ಮೂಗಮ್ಮ ಬಂದಳು. ಕೋಣೆಯಿಂದ ಕಮಟು ವಾಸನೆ ಬರುತ್ತಿದೆ, ಎಣ್ಣೆ ಸೀಯುವ ವಾಸನೆ, ಬಾಗಿಲು ಮುಟ್ಟಿದರೆ ಬೆಚ್ಚಗಿದೆ ಎಂದಳು. ಪುಟ್ಟಬಸಪ್ಪನವರು ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಕರ್ಪೂರ, ಊದುಬತ್ತಿಯ ವಾಸನೆ ಇರುತ್ತದೆ ಹೋಗು ಎಂದರು. ಅವಳು ಹೋಗಲಿಲ್ಲ.

"ಬುದ್ಧಿ, ಒಂದು ಗಳಿಗೆ ಬೀಗ ತಗೀರಿ. ಟವೆಲ್ ಈಚೆಗೆ ಎಸ್ದುಬುಟ್ಟು ಮತ್ತೆ ಹಾಕ್ಬುಡಿ. ಮೆಷಿನ್ ಮುಟ್ಟಕಿಲ್ಲ ನಾನು."

ಪೂಜೆಗಿಟ್ಟದ್ದನ್ನು ನಡುವೆ ತೆಗೆದರೆ ಏನಾಗುತ್ತದೆ ಗೊತ್ತಾ, ಅದರಲ್ಲೂ ನೀನು ಕೈ ಹಾಕಿದರೆ, ಎಂದು ಅವರು ಗದರಿದರು. ಅವಳು ನನಗೆ ಕೈ ಮುಗಿದಳು. ಅಕ್ಕಾವ್ರೆ, ನೀವಾದರೂ ಹೇಳಿ ಎಂದಳು. ನನಗೆ ಅವಳ ಮಾತಿನಲ್ಲಿ ನಂಬಿಕೆಯಿತ್ತು. ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ, ಯಾಕೆಂದರೆ ನನಗೆ ಗೊತ್ತಿರಲಿಲ್ಲ ಎಂದು ನಾನು ಆಮೇಲೆ ಬಹಳ ಜನಕ್ಕೆ ಹೇಳಿದ್ದೇನೆ. ನನಗೆ ನಂಬಿಕೆಯಿತ್ತು. ನಾನು ಎದ್ದು ನಿಂತೆ ಕೂಡ. ಪುಟ್ಟಬಸಪ್ಪನವರು ನನ್ನ ಮುಖ ನೋಡಿದರು, ನಾನು, ನಾಳೆ ನೋಡಿದರಾಯಿತು ಹೋಗೇ ಎಂದೆ.

ಮೂರೂವರೆಗೆ ಹೆಂಗಸರ ವಾರ್ಡಿನ ಹಿಂಗೋಡೆಯ ಮೇಲುಗಿಂಡಿಯಿಂದ ಹೊಗೆ ಒಳಗೆ ಬಂತು. ಮೊದಲು ಕೂಗಿದವರು ಶಿವರುದ್ರಮ್ಮ, ಅವರ ಕೂಗು ತೊದಲಾದ್ದರಿಂದ ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಬೀಗ ತೆಗೆಯಲು ಮಲ್ಲೇಶ ಓಡಿದ. ಬಾಗಿಲು ತೆಗೆದದ್ದೇ ತಡ, ಗಾಳಿ ಸಿಕ್ಕಿ ಕಪಾಟು ಭಗ್ಗನೆ ಹತ್ತಿತು. ಮೂಗಮ್ಮ ಕೋಣೆಯ ಕಡೆ ಹೋಗಲಿಲ್ಲ, ನೇರ ವಾರ್ಡಿಗೆ ನುಗ್ಗಿದಳು. ಆಯಾಗಳ ಜೊತೆ ಸೇರಿ ಒಂದೊಂದೇ ಮಂಚವನ್ನು ದರದರ ಎಳೆದು ಅಂಗಳಕ್ಕೆ ಹಾಕಿದಳು. ಹನ್ನೊಂದು ಮಂಚ. ಬಾಗಿಲ ಕಡೆಯಿಂದ ಎಳೆಯುತ್ತ ಬಂದಿದ್ದರಿಂದ ಹಿಂಗೋಡೆಯ ಮಂಚ ಕೊನೆಯದಾಯಿತು. ಅದನ್ನು ಎಳೆದು ತಂದಾಗ ಶಿವರುದ್ರಮ್ಮನಿಗೆ ಉಸಿರಿತ್ತು, ಕಣ್ಣು ಬಿಟ್ಟಿದ್ದರು, ಮುಖದ ತುಂಬ ಮಸಿ. ಗುಂಡ್ಲುಪೇಟೆಯಿಂದ ಫೈರ್ ಇಂಜಿನ್ ಬರುವ ಹೊತ್ತಿಗೆ ಕಪಾಟು ಸುಟ್ಟು ಮುಗಿದಿತ್ತು. ಶಿವರುದ್ರಮ್ಮ ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು, ಹೊಗೆ ಕುಡಿದು.

ಬೆಂಕಿ ಬಿದ್ದ ಮರುದಿನ ಬೆಳಿಗ್ಗೆ ನಾನು ಆ ಕೋಣೆಗೆ ಹೋಗಿದ್ದೆ. ಕಪಾಟಿದ್ದ ಗೋಡೆ ಸೂರಿನವರೆಗೆ ಸುಟ್ಟು ಸಿಮೆಂಟು ಉದುರಿತ್ತು. ಆಚೆ ಕೊನೆಯಲ್ಲಿ ಒಗೆಯುವ ಮೆಷಿನ್ನಿಗೆ ಮಸಿ ಮಾತ್ರ ಹಿಡಿದಿತ್ತು. ಅದರ ಮೇಲೆ ದೀಪ ಇಟ್ಟಲ್ಲೇ ನೆಟ್ಟಗೆ ನಿಂತಿತ್ತು, ಬುಡದಲ್ಲಿ ಬಾಳೆಲೆ ಬಾಡಿತ್ತೇ ಹೊರತು ಸುಟ್ಟಿರಲಿಲ್ಲ. ಬೆಂಕಿ ದೀಪದಿಂದ ಬಂದಿಲ್ಲ ಎಂದು ತಿಳಿಯಲು ಐಟಿಐ ಬೇಕಾಗಿರಲಿಲ್ಲ. ನನ್ನ ಹಿಂದೆಯೇ ಬಂದ ಪುಟ್ಟಬಸಪ್ಪನವರೂ ಅದನ್ನು ನೋಡಿದರು. ದೀಪವನ್ನು ತೆಗೆದು ತಮ್ಮ ಹೆಗಲ ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದರು.

ಚಾಮರಾಜನಗರದ ಜಿಲ್ಲಾ ಕಚೇರಿಯಿಂದ ವರದಿ ಕೇಳಿ ಕಾಗದ ಬಂತು. ಪುಟ್ಟಬಸಪ್ಪನವರು ಬಾಗಿಲು ಹಾಕಿಕೊಂಡು ಹೇಳಿದರು, ನಾನು ಬರೆದೆ. ಮಲ್ಲೇಶನ ಹೆಸರಿದ್ದ ಹಾಜರಿ ಪುಸ್ತಕ ನೀರು ಬಿದ್ದು ಹಾಳಾಗಿದೆ ಎಂದು ಬರೆದೆ. ಅದು ನನ್ನ ಮೇಜಿನ ಮೇಲೇ ಇತ್ತು, ಸಂಜೆ ಅದನ್ನು ಬಚ್ಚಲ ಒಲೆಗೆ ಹಾಕಿದವಳೂ ನಾನೇ. ಪೂಜೆಯಾದ ಮೇಲೆ ದೀಪ ಆರಿಸದೆ ಹೋದದ್ದು ಬೆಂಕಿಗೆ ಕಾರಣ ಎಂದು ಬರೆದೆ. ಯಾಕೆ ಬರೆದೆ ಎಂದು ಕೇಳಿದರೆ, ನನಗೆ ಆ ಕುರ್ಚಿ ಬೇಕಿತ್ತು. ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಮೂಗಮ್ಮನನ್ನು ಸಹಿಗೆ ಕರೆಸಿದರು. ಎಳೆದ ಮಂಚದ ಕಬ್ಬಿಣಕ್ಕೆ ಅಂಗೈ ಸುಲಿದು ಬಟ್ಟೆ ಕಟ್ಟಿಕೊಂಡಿದ್ದಳು. ಕಾಗದವನ್ನು ಎಡಗೈಯಲ್ಲಿ ಹಿಡಿದು, ತುಟಿ ಅಲ್ಲಾಡಿಸುತ್ತ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಯಂತ್ರಕೋಣೆಯ ಉಸ್ತುವಾರಿ ಶ್ರೀಮತಿ ಮೂಗಮ್ಮ ಎಂಬಲ್ಲಿ ನಿಂತಳು. ಮತ್ತೆ ಮೊದಲಿನಿಂದ ಓದಿ ಅಲ್ಲಿಗೇ ಬಂದು ನಿಂತಳು. ಸಹಿ ಹಾಕಿದರೆ ಇದು ಅಚಾತುರ್ಯ ಎಂದು ಇಲ್ಲಿಗೇ ಮುಗಿಯುತ್ತದೆ, ಬೇರೆ ಕಡೆ ಕೆಲಸಕ್ಕೂ ಹೇಳುತ್ತೇನೆ ಎಂದು ಪುಟ್ಟಬಸಪ್ಪನವರು ಅಂದರು. ಅವಳು ಅವರ ಕಡೆ ತಿರುಗದೆ ಕಾಗದವನ್ನು ನನ್ನ ಮುಂದಿಟ್ಟಳು.

"ಅಕ್ಕಾವ್ರೆ, ಬೀಗ ತಗೀರಿ ಅಂತ ನಾನು ಕೇಳ್ದಾಗ ನೀವು ಎಲ್ಲಿದ್ರಿ?"

"ಇಲ್ಲೇ ಇದ್ದೆ" ಎಂದೆ.

"ಅದ ಬರೀರಿ. ಮೂಗಿ ಬಂದು ಬೀಗ ತಗೀರಿ ಅಂದ್ಲು, ನಾವು ತಗೀನಿಲ್ಲ ಅಂತ ಒಂದು ಸಾಲು ಬರೀರಿ. ಮಿಕ್ಕಿದ್ದು ಏನಾದ್ರೂ ಇರ್ಲಿ, ಉಸ್ತುವಾರಿ ಅಂತ್ಲೂ ಇರ್ಲಿ. ನಾನು ಸಯ್ಯಿ ಆಕ್ತೀನಿ."

ಪೆನ್ನು ನನ್ನ ಕೈಯಲ್ಲಿತ್ತು. ಕಾಗದದಲ್ಲಿ ಜಾಗವೂ ಇತ್ತು, ಎರಡು ಮೂರು ಸಾಲು ಬರೆಯುವಷ್ಟು. ಏನು ಬರೆಯಬೇಕೆಂದು ಪುಟ್ಟಬಸಪ್ಪನವರು ಹೇಳುವ ಅಗತ್ಯ ಬೀಳಲಿಲ್ಲ. ಸಹಿ ಹಾಕಲು ನಿರಾಕರಿಸಿರುತ್ತಾರೆ ಎಂದು ನಾನು ಆ ಜಾಗದಲ್ಲಿ ಬರೆದೆ. ಮೂಗಮ್ಮ ಅದನ್ನೂ ನಿಧಾನವಾಗಿ, ಪೂರ್ತಿಯಾಗಿ ಓದಿದಳು. ಅವಳು ಓದಿ ಮುಗಿಸುವವರೆಗೆ ಕಾದು, ಕೆಳಗೆ ಸಾಕ್ಷಿ ಎಂದಿದ್ದ ಕಡೆ ನನ್ನ ಹೆಸರು ಹಾಕಿದೆ.